ನಿಮ್ಮ ಕ್ಷಮೆ ನನಗೆ ಬೇಡ

ಸನತ್‌ನಗರ, ಹೈದರಾಬಾದ್
5 ಡಿಸೆಂಬರ್ 2024

ಹಂಪಯ್ಯನವರಿಗೆ ಟ್ರಾಲಿ ಆಟೋ ಓಡಿಸುವ ರೇಣುಕಾ ಬರೆಯುವುದು.

ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀರಿ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ, ಹರಿಯಬಹುದು ಅಷ್ಟೇ. ಹರಿಯುವ ಮುಂಚೆ ಒಂದು ಸಲ ಓದಿರಿ. ಕ್ಷೇಮವೇ ಎಂದು ಮೊದಲು ಕೇಳುವುದು ರೂಢಿ. ನಾನು ಕೇಳುವುದಿಲ್ಲ, ಯಾಕೆಂದರೆ ನಾನು ಕ್ಷೇಮವಾಗಿಲ್ಲ.

ತೀರ್ಪಿನ ಸುದ್ದಿ ನಿಮಗೆ ಮುಟ್ಟಿರಬಹುದು. ಒಂದು ವರ್ಷ ಜೈಲು. ರಸ್ತೆಯಲ್ಲಿದ್ದವರ ಪರಿವೆ ಇಲ್ಲದೆ ಗಾಡಿ ಓಡಿಸಿ ನಿಮ್ಮ ಕಾಲು ಮುರಿದೆನಂತೆ. ನನ್ನ ವಕೀಲರು ಸಾವಿತ್ರಿ ಮೇಡಂ ಮೇಲಿನ ಕೋರ್ಟಿಗೆ ಅಪೀಲು ಹಾಕಿದ್ದಾರೆ. ಅದು ಮುಗಿಯುವತನಕ ಶಿಕ್ಷೆ ತಡೆದಿದ್ದಾರೆ, ಹಾಗಾಗಿ ಇವತ್ತಿಗೂ ಗಾಡಿ ಓಡಿಸುತ್ತಿದ್ದೇನೆ. ಅಪೀಲು ಬಿದ್ದರೆ ಒಳಗೆ ಹೋಗಬೇಕು.

ಆ ಬೆಳಗ್ಗೆ ನಿಮಗೂ ನೆನಪಿದೆ, ನನಗೂ ನೆನಪಿದೆ. ಬಾಲಾನಗರದ ಲೇತ್ ಅಂಗಡಿಯಲ್ಲಿ ಮಾಲು ತುಂಬಿಕೊಂಡು ಸನತ್‌ನಗರಕ್ಕೆ ಹೊರಟಿದ್ದೆ. ಕೂಲಿಯವರು ನಿಲ್ಲುವ ಅಡ್ಡಾದ ಮುಂದೆ ಸ್ಪೀಡ್ ಬ್ರೇಕರ್ ಇದೆ, ಅಲ್ಲಿ ನಿಧಾನ ಮಾಡಿದೆ. ನನ್ನ ಗಾಡಿಯೂ ಬಿಳಿ, ಕೂಲಿಯವರನ್ನು ಕೆಲಸಕ್ಕೆ ಒಯ್ಯುವ ಚಂದ್ರಕಾಂತ ಮೇಸ್ತ್ರಿಯ ಗಾಡಿಯೂ ಬಿಳಿ. ಎರಡಕ್ಕೂ ನೀಲಿ ತಾಡಪಾಲು. ಮೇಸ್ತ್ರಿ ಬಂದನೆಂದು ತಿಳಿದು ನೀವು ಓಡುವ ಗಾಡಿಯ ಪಕ್ಕದ ಹಲಗೆ ಹಿಡಿದು ಹತ್ತಿದಿರಿ. ಅಡ್ಡಾದಲ್ಲಿ ಎಲ್ಲರೂ ಹಾಗೇ ಹತ್ತುತ್ತಾರೆ. ಗಾಡಿ ನಿಲ್ಲಲಿ ಎಂದು ಕಾದವನಿಗೆ ಆ ದಿನ ಕೆಲಸ ಸಿಗುವುದಿಲ್ಲ. ಕೈ ಜಾರಿತು, ಕಾಲು ಹಿಂದಿನ ಗಾಲಿಗೆ ಸಿಕ್ಕಿತು.

ಕೋರ್ಟಿನಲ್ಲಿ ನೀವು ಹೇಳಿದ್ದೇ ಬೇರೆ. ರಸ್ತೆ ಬದಿಗೆ ಸುಮ್ಮನೆ ನಿಂತಿದ್ದೆ, ಗಾಡಿ ಮೈಮೇಲೆ ಬಂತು ಅಂದಿರಿ. ಮೇಸ್ತ್ರಿಯೂ ಹಾಗೇ ಅಂದ. ಓಡುವ ಗಾಡಿಗೆ ಜನ ಹತ್ತಿಸಿಕೊಳ್ಳುತ್ತಾನೆಂದು ಗೊತ್ತಾದರೆ ಅವನಿಗೂ ಕುತ್ತಿಗೆಗೆ ಬರುತ್ತದಲ್ಲ. ಅಡ್ಡಾದ ಜನ ಅವನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಎದುರಿನ ಅಂಗಡಿಯ ಕ್ಯಾಮೆರಾ ತನ್ನ ಶಟರನ್ನೇ ಕಾಯುತ್ತಿತ್ತು, ರಸ್ತೆ ಅದರಲ್ಲಿ ಬಿದ್ದಿರಲಿಲ್ಲ.

ಅದೂ ಹೋಗಲಿ. ರೊಟ್ಟಿಯ ಮಾತಿಗೆ ಬರುತ್ತೇನೆ. ನೀವು ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದೆ. ನಮ್ಮ ಊರಲ್ಲಿ ಯಾರ ಗಾಡಿಯಿಂದ ರಕ್ತ ಬಿತ್ತೋ ಅವರು ಬಿದ್ದವರಿಗೆ ಉಣ್ಣಿಸಬೇಕು. ಎತ್ತು ಬೆದರಿರಲಿ, ಅವರೇ ಅಡ್ಡ ಬಂದಿರಲಿ, ತಪ್ಪು ಯಾರದೆಂದು ಆಮೇಲೆ ನೋಡುವುದು. ನಿಮ್ಮ ಕಡೆಯೂ ಹೀಗೇ ಎಂದು ನೀವೇ ಮಂಚದ ಮೇಲೆ ಮಲಗಿಕೊಂಡು ಹೇಳಿದ್ದಿರಿ. ಸರಕಾರಿ ವಕೀಲ ಎದ್ದು, ತಪ್ಪಿಲ್ಲದ ಹೆಂಗಸು ದಿನಾ ಊಟ ಯಾಕೆ ತರುತ್ತಾಳೆ ಎಂದು ಕೇಳಿದ. ತೀರ್ಪಿನಲ್ಲಿ ಅದನ್ನೇ ಬರೆದರು. ನನ್ನ ರೊಟ್ಟಿಯೇ ನನ್ನ ತಪ್ಪೊಪ್ಪಿಗೆಯಾಯಿತು. ಆ ಕೋರ್ಟಿನಲ್ಲಿ ಅದರ ಅರ್ಥ ಗೊತ್ತಿದ್ದವರು ಇಬ್ಬರೇ. ಒಬ್ಬಳು ಆರೋಪಿ, ಇನ್ನೊಬ್ಬರು ನೆಲ ನೋಡುತ್ತ ಕೂತಿದ್ದರು.

ಮೇಲಿನ ಕೋರ್ಟು ಒಪ್ಪಿದರೆ ಸಾಕ್ಷಿಯನ್ನು ಮತ್ತೆ ಕರೆಸಬಹುದಂತೆ. ಬಂದು ನಿಜ ಹೇಳಿರಿ. ಆಸ್ಪತ್ರೆಯಲ್ಲಿ ನಿಮ್ಮನ್ನು ಕಾಕಾ ಅನ್ನುತ್ತಿದ್ದೆ, ಈಗ ಬಾಯಿ ಬರುತ್ತಿಲ್ಲ.

ರೇಣುಕಾ


ಸನತ್‌ನಗರ
19 ಜನವರಿ 2025

ಹಂಪಯ್ಯನವರಿಗೆ,

ಕಾಗದ ಮುಟ್ಟಿದ್ದಕ್ಕೆ ಅಂಚೆಯ ಕಾರ್ಡು ವಾಪಸು ಬಂತು. ಅದರ ಮೇಲೆ ನಿಮ್ಮದೇ ರುಜು, ದುಂಡಗೆ, ಚೆಂದಾಗಿ. ಬರೆಯಲು ಬರುವುದಿಲ್ಲ ಎಂಬ ನೆಪ ಇನ್ನು ನಡೆಯುವುದಿಲ್ಲ.

ನನ್ನ ಗಂಡ ಪರಮೇಶ ವೆಲ್ಡಿಂಗ್ ಕೆಲಸದವನು. ಎಲ್ಲವನ್ನೂ ಬೆಸೆದುಬಿಡಬಹುದು ಎಂದು ನಂಬಿದ್ದಾನೆ. "ಸುಮ್ಮನಿರು, ಹಿರ್ಯಾರು ಅದಾರ, ಅವರಾಗೇ ಬರೀತಾರ" ಅನ್ನುತ್ತಾನೆ. ಸುಮ್ಮನಿದ್ದು ನೋಡಿದೆ, ಸಂಕ್ರಾಂತಿಯೂ ಹೋಯಿತು. ಸುಮ್ಮನಿರುವ ಜಾಯಮಾನ ನನ್ನದಲ್ಲ.

ಕಾಲು ಹೇಗಿದೆ ಎಂದು ಕೇಳಬಾರದು ಎಂದುಕೊಂಡಿದ್ದೆ. ಕೇಳಿದ್ದೇನೆ. ಅದಕ್ಕಾದರೂ ಉತ್ತರ ಬರೆಯಿರಿ.

ರೇಣುಕಾ


ದೇವದುರ್ಗ
3 ಫೆಬ್ರವರಿ 2025

ಸೌಭಾಗ್ಯವತಿ ರೇಣುಕಾಗೆ ಗೌಂಡಿ ಹಂಪಯ್ಯ ತಿಳಿಸುವುದೇನೆಂದರೆ,

ಕಾಲು ಕೇಳಿದ್ದಿ, ಹೇಳುತ್ತೇನೆ. ಬಲಗಾಲು ಗಿಡ್ಡಾಗಿದೆ. ನೆಲಕ್ಕೆ ಕೂತರೆ ಗೋಡೆ ಹಿಡಿಯದೆ ಏಳಲು ಬರುವುದಿಲ್ಲ. ಚಳಿಗೆ ಒಳಗೆ ಹಾಕಿದ ಕಬ್ಬಿಣದ ಸಳಿ ಸೆಳೆಯುತ್ತದೆ. ಕೇಳಿದ್ದಕ್ಕೆ ಉತ್ತರ ಆಯಿತು.

ಇನ್ನೊಂದು ಮಾತು. ನಾನು ಗೌಂಡಿ. ಹೈದರಾಬಾದಿನಲ್ಲಿ ನಾನು ಎಬ್ಬಿಸಿದ ಗೋಡೆಗಳ ಒಳಗೆ ಸಾವಿರಾರು ಜನ ಮಲಗುತ್ತಾರೆ. ಮೇಸ್ತ್ರಿಗಳು ಗಾಡಿ ನಿಲ್ಲಿಸಿ, ಕೆಳಗಿಳಿದು, ಹಂಪಯ್ಯ ಎಲ್ಲಿ ಎಂದು ಹೆಸರು ಹಿಡಿದು ಕೇಳುತ್ತಿದ್ದರು. ಗಾಡಿ ಕಂಡ ಕೂಡಲೇ ಓಡುವವರು ಚೀಲ ಹೊರುವವರು, ಹೊಸದಾಗಿ ಊರು ಬಿಟ್ಟು ಬಂದ ಹುಡುಗರು. ನಾನು ಓಡುವವನಲ್ಲ. ನಾನು ನಿಂತಿದ್ದೆ.

ರೊಟ್ಟಿ ತಿಂದದ್ದು ನಿಜ. ಅದರ ಬಗ್ಗೆ ಕೋರ್ಟಿನಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಕೇಳದ್ದಕ್ಕೆ ಬಾಯಿ ಹಾಕುವುದು ನನ್ನ ಚಾಳಿ ಅಲ್ಲ.

ನನ್ನ ಮಗ ಗುರುಶಾಂತ ಇಲ್ಲಿ ಸರಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾನೆ. ನನ್ನ ದುಡಿಮೆಯಲ್ಲಿ ಓದಿದವನು. ನಾಲ್ಕು ಜನ ಅವನಿಗೆ ಸಾಹೇಬ ಅನ್ನುತ್ತಾರೆ. ಇಂಥ ಕಾಗದಗಳು ಅವನ ಕೈಗೆ ಸಿಗಬಾರದು. ಇನ್ನು ಮುಂದೆ ಬರೆಯಬೇಡ.

ಹಂಪಯ್ಯ


ಸನತ್‌ನಗರ
16 ಫೆಬ್ರವರಿ 2025

ಹಂಪಯ್ಯನವರಿಗೆ,

ಬರೆಯಬೇಡ ಅಂದಿರಿ, ಬರೆಯುತ್ತಿದ್ದೇನೆ. ಜೈಲಿಗೆ ಹೋಗು ಅಂದರೂ ಹೀಗೇ ಹೋಗದೆ ಕೂತಿದ್ದೇನೆ, ನಿಮಗೆ ಗೊತ್ತೇ ಇದೆ.

ನಿಮ್ಮ ಕಾಲಿನ ಸಂಗತಿ ಓದಿ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಂಕಟ ಬೇರೆ, ತಪ್ಪು ಬೇರೆ. ಕಾಲು ಮುರಿದದ್ದು ನನ್ನ ಗಾಡಿ. ಮುರಿಯುವ ಹಾಗೆ ಮಾಡಿದ್ದು ನಾನಲ್ಲ.

ನೀವು ಯಾಕೆ ಹಾಗೆ ಹೇಳಿದಿರಿ ಎಂದು ನನಗೆ ಈಗ ಗೊತ್ತಾಗಿದೆ. ನಾನೇ ಹತ್ತಿದೆ ಎಂದರೆ ವಿಮೆಯವರು ಪರಿಹಾರ ಕೊಡುವುದಿಲ್ಲ ಎಂದು ಯಾರೋ ಕಿವಿಯೂದಿದ್ದಾರೆ. ಬಾಯಿಬಿಟ್ಟು ಹೇಳಿರಿ ನೋಡೋಣ. ವಿಮೆಯ ದುಡ್ಡಿಗಾಗಿ ಒಬ್ಬ ಹೆಣ್ಣುಮಗಳನ್ನು ಒಳಗೆ ಹಾಕಿಸುವುದು ಗೌಂಡಿ ಹಂಪಯ್ಯನವರ ಮರ್ಯಾದೆಗೆ ಒಪ್ಪುತ್ತದೆಯೇ?

ಇಲ್ಲಿ ನನ್ನ ಮರ್ಯಾದೆಯ ಗತಿ ಕೇಳಿರಿ. ಲೇತ್ ಅಂಗಡಿಯ ಮಾಲೀಕ ಈಗಲೇ ಇನ್ನೊಂದು ಗಾಡಿ ಗೊತ್ತುಮಾಡಿದ್ದ. "ನೀ ಒಳಗೆ ಹೋದ ಮೇಲೆ ನನ್ನ ಮಾಲು ಯಾರು ಮುಟ್ಟಿಸ್ತಾರಮ್ಮಾ" ಎಂದು ಅವನ ತೆಲುಗಿನಲ್ಲಿ ಮೆತ್ತಗೆ ಕೇಳಿದ. "ಒಳಗ ಹೋಗೋತನಕ ನಾನೇ ಮುಟ್ಟಸ್ತೀನಿ, ಹೋದಮ್ಯಾಲ ನಿಮ್ಮ ಚಿಂತಿ ನೀವು ಮಾಡ್ರಿ" ಎಂದು ನಮ್ಮ ಕನ್ನಡದಲ್ಲೇ ಜೋರು ಮಾಡಿದೆ. ಅರ್ಧ ಅರ್ಥವಾಯಿತೋ ಇಲ್ಲವೋ, ಮಾಲು ಮಾತ್ರ ತುಂಬಿಸಿದ. ಬಂದ ಗಾಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಖಾಲಿ ಹೋದ.

ರೇಣುಕಾ


ದೇವದುರ್ಗ
10 ಮಾರ್ಚ್ 2025

ರೇಣುಕಾಗೆ,

ದುಡ್ಡಿಗಾಗಿ ಅಂದಿ. ಈ ಮಾತನ್ನು ನನ್ನ ಎದುರಿಗೆ ನಿಂತು ಅಂದಿದ್ದರೆ ಉತ್ತರ ಬೇರೆ ಇರುತ್ತಿತ್ತು. ವಿಮೆಯ ಕೇಸು ಯಾವಾಗಲೋ ಮುಗಿದಿದೆ. ಬಂದದ್ದು ಆಸ್ಪತ್ರೆಗೆ ಹೋಯಿತು. ಇನ್ನು ಬರುವುದು ಏನೂ ಇಲ್ಲ, ಹೋಗುವುದೂ ಇಲ್ಲ. ದುಡ್ಡಿಗೆ ನಾಲಿಗೆ ಮಾರಿದವನು ಎಂದು ಇವತ್ತಿನವರೆಗೆ ನನಗೆ ಯಾರೂ ಅಂದಿಲ್ಲ.

ನಿನ್ನ ಕಾಗದವನ್ನು ಜಯಮ್ಮನಿಗೆ ಓದಿ ಹೇಳಿದೆ. ಜಯಮ್ಮ ನನ್ನ ಮನೆಯವಳು, ಆಸ್ಪತ್ರೆಗೆ ಬಂದಾಗ ನೀನು ನೋಡಿದ್ದಿ. ಪೂರಾ ಓದಲಿಲ್ಲ, ಬೇಕಾದಷ್ಟು ಓದಿದೆ. ಆಕೆ ಅಂದಳು, "ಒಂದು ವರ್ಸ ಅಂದ್ರ ಭಾಳ ಆತು. ಸಣ್ಣ ಹುಡುಗಿ ಐತಿ. ಬಿಟ್ಟುಬಿಡ್ರಿ."

ಅದಕ್ಕೆ ಒಂದು ತೀರ್ಮಾನ ಮಾಡಿದ್ದೇನೆ. ಗಾಯವಾದವನು ಒಪ್ಪಿದರೆ ಇಂಥ ಕೇಸಿನಲ್ಲಿ ರಾಜಿ ಆಗುತ್ತದೆ ಎಂದು ಇಲ್ಲಿನ ವಕೀಲರು ಹೇಳಿದರು. ನಿನ್ನ ವಕೀಲರಿಗೆ ಹೇಳಿ ರಾಜಿ ಕಾಗದ ಮಾಡಿಸಿ ಕಳಿಸು. ನಾನು ರುಜು ಹಾಕುತ್ತೇನೆ, ಬೇಕಾದರೆ ಕೋರ್ಟಿಗೂ ಬಂದು ರಾಜಿಗೆ ಒಪ್ಪುತ್ತೇನೆ. ಆದದ್ದು ಆಯಿತು. ನಿನ್ನನ್ನು ಕ್ಷಮಿಸಿದ್ದೇನೆ.

ನಿನಗೆ ಒಳ್ಳೆಯದಾಗಲಿ.

ಹಂಪಯ್ಯ


ಸನತ್‌ನಗರ
24 ಮಾರ್ಚ್ 2025

ಹಂಪಯ್ಯನವರಿಗೆ,

ನಿಮ್ಮ ಕಾಗದ ಬಂದ ದಿನ ನಮ್ಮ ಮನೆಯಲ್ಲಿ ಹಬ್ಬ. ಪರಮೇಶ ಜಿಲೇಬಿ ತಂದ. ಕಾಗದವನ್ನು ಕಣ್ಣಿಗೊತ್ತಿಕೊಂಡು, ದೇವರಂಥ ಮನುಷ್ಯ ಅಂದ. ಮರುದಿನ ಇಬ್ಬರೂ ಸಾವಿತ್ರಿ ಮೇಡಂ ಹತ್ತಿರ ಹೋದೆವು. ಮೇಡಂ ಓದಿ ನಕ್ಕರು. ಇನ್ನೇನಮ್ಮಾ, ರಾಜಿಗೆ ಕೋರ್ಟು ಒಪ್ಪಿದರೆ ಜೈಲು ತಪ್ಪಿತು, ಉಳಿದ ಸಣ್ಣ ಕಲಮಿಗೆ ಒಂದಿಷ್ಟು ದಂಡ ಕಟ್ಟಿದರೆ ಆಯಿತು ಅಂದರು.

ನಾನು ಬೇಡ ಅಂದೆ.

ಮೇಡಂ ನನ್ನ ಮುಖ ನೋಡಿದರು. ಪರಮೇಶ ಅಲ್ಲೇ ಕುರ್ಚಿ ಮೇಲೆ ಕೂತವನು ಎದ್ದ. "ಏ ರೇಣುಕಾ, ಏನ್ ಹಚ್ಚೀಯ ನೀ? ಒಂದು ರುಜುದಾಗ ಎಲ್ಲಾ ಮುಗಿತೈತಿ."

"ಮುಗಿಯೂದು ನಿನಗ. ಅವರು ಕ್ಷಮಿಸೀನಿ ಅಂತ ಬರದಾರ. ನಾ ಏನ್ ತಪ್ಪು ಮಾಡೀನಿ ಅಂತ ಅವರು ಕ್ಷಮಸಬೇಕು?"

"ಮಾಡದಿದ್ರೂ ಆತು, ತಗೊ. ಜೈಲಂದ್ರ ಏನಂತ ತಿಳದಿ? ಅಡಗಿ ಮನಿ ಅಲ್ಲ ಅದು."

"ಅಡಗಿ ಮನಿ ಅಲ್ಲಂತ ನನಗೂ ಗೊತ್ತೈತಿ. ಇವತ್ತು ಕ್ಷಮಾ ತಗೊಂಡ್ನೆಪಾ ಅಂದ್ರ, ನಾಳೆ ಗಾಡಿ ಹತ್ತಿದಾಗೆಲ್ಲಾ ನಾನೇ ಮುರದೀನಿ ಅಂತ ನನಗ ಅನಸ್ತೈತಿ. ಅದರಕಿಂತ ಒಳಗ ಕುಂದ್ರೂದು ಪಾಡ."

ಜಿಲೇಬಿ ಇನ್ನೂ ಡಬ್ಬಿಯಲ್ಲಿದೆ.

ನನಗೆ ಜೈಲೆಂದರೆ ಹೆದರಿಕೆ ಇಲ್ಲ ಎಂದು ತಿಳಿಯಬೇಡಿರಿ. ಆದರೂ ನಿಮ್ಮ ಕ್ಷಮೆ ನನಗೆ ಬೇಡ. ಅದು ನಿಮ್ಮನ್ನು ದೊಡ್ಡವರನ್ನಾಗಿ ಮಾಡುತ್ತದೆ, ನನ್ನನ್ನು ಪುಣ್ಯಕ್ಕೆ ಪಾರಾದ ತಪ್ಪಿತಸ್ಥೆಯನ್ನಾಗಿ ಮಾಡುತ್ತದೆ. ನನಗೆ ಬೇಕಾದದ್ದು ನಿಜ. ಬಂದು ಒಂದೇ ಮಾತು, ನಾನು ಹತ್ತಿದೆ ಎಂದು ಹೇಳಿರಿ, ಅಷ್ಟೇ ಸಾಕು. ಅದರಿಂದ ನಿಮಗೆ ಕಳೆದುಹೋಗುವುದು ಏನೂ ಇಲ್ಲ.

ದುಡ್ಡಿಗಲ್ಲ ಅಂದಿರಿ. ನಂಬುತ್ತೇನೆ. ಮತ್ತೆ ಯಾತಕ್ಕೆ?

ರೇಣುಕಾ


ದೇವದುರ್ಗ
2 ಮೇ 2025

ರೇಣುಕಾಗೆ,

ಕಳೆದುಹೋಗುವುದು ಏನೂ ಇಲ್ಲ ಎಂದು ಬರೆದಿದ್ದಿ. ನಿನಗೆ ನಾಚಿಕೆ ಆಗಬೇಕು.

ಗುರುಶಾಂತನ ಕೈಗೆ ನಿನ್ನ ಕಾಗದ ಸಿಕ್ಕಿತು. ಸಿಗಬಾರದು ಎಂದಿದ್ದೆ, ಸಿಕ್ಕಿತು. ಅವನು ರಾಯಚೂರಿಗೆ ಹೋಗಿ ದೊಡ್ಡ ವಕೀಲರನ್ನು ಕೇಳಿಬಂದ. ಪ್ರಮಾಣ ಮಾಡಿ ಒಂದು ಹೇಳಿದವನು ಮತ್ತೆ ಬಂದು ಇನ್ನೊಂದು ಹೇಳಿದರೆ, ಸುಳ್ಳು ಸಾಕ್ಷಿ ಎಂದು ಅವನ ಮೇಲೆಯೇ ಕೇಸು ಹಾಕಬಹುದಂತೆ. ಅದಕ್ಕೂ ಜೈಲು ಇದೆಯಂತೆ. ನಿನ್ನ ವಕೀಲರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ನಿನಗೆ ಹೇಳಿರಲೇಬೇಕು. ನಿನ್ನ ಜಾಗಕ್ಕೆ ನನ್ನನ್ನು ಕೂರಿಸಲು ಇಷ್ಟು ಕಾಗದ ಬರೆದೆಯಾ? ನಾನು ಕ್ಷಮೆ ಕೊಟ್ಟೆ, ನೀನು ನನಗೆ ಬೋನು ಇಟ್ಟೆ.

ಮಗ ನನ್ನನ್ನು ಕೇಳಿದ, "ಅಪ್ಪಾ, ನೀ ಖರೇ ಹತ್ತಿದ್ದಿ ಏನು?" ನಾನು ಬೈದೆ. ಅಪ್ಪನನ್ನು ಹೀಗೆ ಕೇಳುವಷ್ಟು ದೊಡ್ಡವನಾದೆಯಾ ಅಂದೆ. ಅಂದಿನಿಂದ ಮಾತು ಬಿಟ್ಟಿದ್ದಾನೆ. ತಟ್ಟೆ ತಂದು ಮುಂದೆ ಇಡುತ್ತಾನೆ, ಹೋಗುತ್ತಾನೆ.

ರಾಜಿಯ ಮಾತು ಹಿಂದೆ ತಗೊಂಡಿಲ್ಲ. ಬೇಕಾದರೆ ತಗೊ. ಇಲ್ಲವಾದರೆ ಒಳಗೆ ಹೋಗು.

ಹಂಪಯ್ಯ


ಸನತ್‌ನಗರ
20 ಮೇ 2025

ಕಾಕಾ,

ಬೈದದ್ದು ಸರಿ ಇದೆ. ಮೇಡಂ ಮೊದಲೇ ಹೇಳಿದ್ದರು. ಬರೆದರೆ ನೀವು ಬರುವುದಿಲ್ಲ ಎಂದು ಮುಚ್ಚಿಟ್ಟೆ. ನಿಮ್ಮನ್ನು ಒಳಗೆ ಹಾಕಿಸುವ ಆಸೆ ನನಗಿಲ್ಲ, ಆದರೆ ಮುಚ್ಚಿಟ್ಟದ್ದು ಮುಚ್ಚಿಟ್ಟದ್ದೇ. ಈ ಒಂದಕ್ಕೆ ಬೇಕಾದರೆ ನನ್ನನ್ನು ಕ್ಷಮಿಸಿರಿ. ಕಾಲಿಗೆ ಬೇಡ.

ನಿಮ್ಮ ಕಾಗದ ಬಂದ ಮೇಲೆ ಒಂದು ಬೆಳಗ್ಗೆ ಗಾಡಿ ಮನೆಯಲ್ಲೇ ಬಿಟ್ಟು ಅಡ್ಡಾಕ್ಕೆ ನಡೆದು ಹೋದೆ. ಇಷ್ಟು ವರ್ಷ ಅದರ ಮುಂದೆ ಗಾಡಿ ಓಡಿಸಿದ್ದೇನೆ, ಒಂದು ದಿನವೂ ಅಲ್ಲಿ ನಿಂತಿರಲಿಲ್ಲ. ಚಹಾದ ಬಂಡಿಯ ಪಕ್ಕ ಕೂತು ನೋಡಿದೆ. ಗಾಡಿ ಬರುತ್ತದೆ, ಹುಡುಗರು ಓಡುತ್ತಾರೆ. ಹತ್ತಿದವರಲ್ಲೂ ಮೇಸ್ತ್ರಿ ಆರಿಸುತ್ತಾನೆ. ತೋಳು ಮುಟ್ಟಿ ನೋಡುತ್ತಾನೆ. ತಲೆ ಬೆಳ್ಳಗಾದವರನ್ನು ಕೈಸನ್ನೆಯಲ್ಲೇ ಇಳಿಸುತ್ತಾನೆ. ಹಾಗೆ ಇಳಿದವರು ಏನೂ ಆಗಿಲ್ಲ ಎಂಬಂತೆ ಬಂದು ಬೀಡಿ ಹಚ್ಚುತ್ತಾರೆ.

ಅಂಥವರಲ್ಲಿ ಒಬ್ಬರು ಗೊಲ್ಲಾಳಪ್ಪ. ನಿಮ್ಮ ಜೊತೆ ಗೌಂಡಿ ಕೆಲಸ ಮಾಡಿದವರಂತೆ. ನಾನು ಯಾರೆಂದು ಹೇಳಿದೆ. ಮೊದಲು ಎದ್ದು ಹೋಗಲು ನೋಡಿದರು. ಆಮೇಲೆ ಕೂತರು.

"ಹಂಪಯ್ಯನ ಕೈ ಭಾಳ ಚಲೋ ಇತ್ತವಾ. ಖರೇ ಹೇಳಬೇಕಂದ್ರ, ಆ ವರ್ಸ ಅವನಿಗೆ ಗೌಂಡಿ ಕೆಲಸ ಯಾರೂ ಕೊಡವಲ್ರಾಗಿದ್ರು. ವಯಸ್ಸಾತು, ಕೆಲಸ ನಿಧಾನ ಆಕೈತಿ ಅಂತಿದ್ರು. ಚೀಲ ಹೊರಾಕ ಹೋಗ್ತಿದ್ದ. ಊರಿಗೆ ಮಾತ್ರ ಗೌಂಡಿ ಕೆಲಸನಽ ಮಾಡಾಕತ್ತೀನಿ ಅಂತ ಫೋನ್ ಮಾಡ್ತಿದ್ದ. ನಾವೂ ಹಂಗಽ ಹೇಳ್ತೀವಿ, ಮತ್ತೇನ್ ಹೇಳೂದು?"

ಕಾಕಾ, ದುಡ್ಡಿಗಾಗಿ ಎಂದು ಬರೆದಿದ್ದೆನಲ್ಲ, ಆ ಕಾಗದ ನಿಮ್ಮ ಹತ್ತಿರ ಇದ್ದರೆ ಹರಿದುಹಾಕಿರಿ. ಅಲ್ಲಿ ಚಹಾದ ಲೋಟ ಹಿಡಿದುಕೊಂಡು ನನಗೆ ಅಳು ಬಂತು. ನಮ್ಮ ಅಪ್ಪನೂ ಕಡೆಗಾಲಕ್ಕೆ ಹೀಗೇ ಸುಳ್ಳು ಹೇಳುತ್ತಿದ್ದ.

ಅಳು ಬಂತೆಂದು ಕರಗಿಹೋದೆ ಎಂದು ತಿಳಿಯಬೇಡಿರಿ. ಮಗನ ಕಣ್ಣಲ್ಲಿ ನಿಮ್ಮ ಮರ್ಯಾದೆ ಉಳಿಯಬೇಕು, ಒಪ್ಪುತ್ತೇನೆ. ಅದಕ್ಕೆ ನನ್ನ ಒಂದು ವರ್ಷ ಯಾಕೆ ಕೊಡಬೇಕು? ಚೀಲ ಹೊರುವುದು ಕಳ್ಳತನವಲ್ಲ. ಓಡಿ ಗಾಡಿ ಹತ್ತುವುದು ಅವಮಾನವಲ್ಲ. ಜನರನ್ನು ಓಡಿಸಿ ಹತ್ತಿಸಿಕೊಳ್ಳುವ ಮೇಸ್ತ್ರಿಗೆ ಇಲ್ಲದ ನಾಚಿಕೆ ನಿಮಗೆ ಯಾಕೆ?

ನಿಮ್ಮನ್ನು ಮತ್ತೆ ಕರೆಸಬೇಕೆಂದು ಮೇಡಂ ಅರ್ಜಿ ಹಾಕಿದ್ದಾರೆ. ಕೋರ್ಟು ಒಪ್ಪಿದರೆ ಸಮನ್ಸು ಬರುತ್ತದೆ. ಬಂದು ನಿಜ ಹೇಳಿದರೆ ನಿಮ್ಮ ಮೇಲೆ ಕೇಸಾಗಬಹುದು, ಈಗ ತಿಳಿಸಿಯೇ ಹೇಳುತ್ತಿದ್ದೇನೆ. ನಿಂತಿದ್ದೆ ಎಂದೇ ಮತ್ತೆ ಹೇಳುವುದಾದರೆ ಹೇಳಿರಿ, ನಾನು ಒಳಗೆ ಹೋಗುತ್ತೇನೆ. ಆದರೆ ಈ ಸಲ ನೆಲ ನೋಡಬೇಡಿರಿ. ನನ್ನನ್ನು ನೋಡಿಕೊಂಡು ಹೇಳಿರಿ.

ಇನ್ನು ನಾನಾಗಿ ಬರೆಯುವುದಿಲ್ಲ.

ರೇಣುಕಾ


ದೇವದುರ್ಗ
12 ಆಗಸ್ಟ್ 2025

ರೇಣುಕಾಗೆ,

ಸಮನ್ಸು ಬಂದಿದೆ. ಬರುತ್ತೇನೆ.

ಏನು ಹೇಳುತ್ತೇನೆಂದು ಬರೆಯುವುದಿಲ್ಲ. ನಿನಗೆ ಹೆದರಿ ಬರುತ್ತಿಲ್ಲ, ನಿನ್ನ ಮೇಲಿನ ಕನಿಕರಕ್ಕೂ ಬರುತ್ತಿಲ್ಲ. ಮಳೆಗಾಲ ಪೂರಾ ಕಟ್ಟೆಯ ಮೇಲೆ ಕೂತು ವಿಚಾರ ಮಾಡಿದೆ. ಕೊಟ್ಟ ಕ್ಷಮೆಯನ್ನು ಬೇಡ ಎಂದು ತಿರುಗಿ ಕಳಿಸಿದವರನ್ನು ನಾನು ನೋಡಿದ್ದಿಲ್ಲ. ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ನಿದ್ದೆ ಬರಲಿಲ್ಲ.

ಬಸ್ ಸ್ಟ್ಯಾಂಡಿಗೆ ಬರಬೇಡ, ಗಾಡಿ ತರಬೇಡ. ಗೊಲ್ಲಾಳಪ್ಪನ ಖೋಲಿಯಲ್ಲಿ ಉಳಿಯುತ್ತೇನೆ. ಊಟವನ್ನೂ ತರಬೇಡ, ಸರಕಾರಿ ವಕೀಲ ನೋಡಿದರೆ ಮತ್ತೆ ಏನಾದರೂ ಬರೆಸುತ್ತಾನೆ.

ಗುರುಶಾಂತ ಜೊತೆಗೆ ಬರುತ್ತೇನೆ ಎಂದು ಹಟ ಹಿಡಿದಿದ್ದಾನೆ. ಬೇಡವೆಂದೆ, ಕೇಳುತ್ತಿಲ್ಲ. ಅವನು ಬಾರದೆ ಇದ್ದರೆ ನನಗೆ ಹಗುರಾಗುತ್ತಿತ್ತು.

ಹಂಪಯ್ಯ


ಸನತ್‌ನಗರ
8 ಅಕ್ಟೋಬರ್ 2025

ಕಾಕಾ,

ಇವತ್ತು ತೀರ್ಪು ಬಂತು. ಅಪೀಲು ಗೆದ್ದೆ. ಶಿಕ್ಷೆ ರದ್ದು. ಗಾಯವಾದವರೇ ಓಡುವ ಗಾಡಿಗೆ ಹತ್ತಿದೆ ಎಂದ ಮೇಲೆ, ಅಂದು ಅಡ್ಡಾದಲ್ಲೇ ಇದ್ದ ಗೊಲ್ಲಾಳಪ್ಪನೂ ಬಂದು ಹೌದು ಎಂದ ಮೇಲೆ, ಓಡಿಸಿದವಳ ತಪ್ಪು ಎನ್ನಲು ಬರುವುದಿಲ್ಲ ಎಂದು ಜಡ್ಜರು ಓದಿದರು. ಆಸ್ಪತ್ರೆಗೆ ಊಟ ತಂದದ್ದನ್ನು ತಪ್ಪೊಪ್ಪಿಗೆ ಎಂದು ತಿಳಿಯಬಾರದಿತ್ತು ಎಂದೂ ಸೇರಿಸಿದರು. ಪರಮೇಶ ಅಲ್ಲೇ ಬೆಂಚಿನ ಮೇಲೆ ಕೂತು ಮೂಗು ಒರೆಸಿಕೊಂಡ. ನಾನು ಅಳಲಿಲ್ಲ.

ಸಾಕ್ಷಿ ಹೇಳಿದ ದಿನ ನೀವು ಯಾರ ಹತ್ತಿರವೂ ಮಾತಾಡದೆ ಬಸ್ಸು ಹಿಡಿದಿರಿ. ಅದಕ್ಕೇ ಒಂದು ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಜಡ್ಜರು ಕೇಳಿದರಲ್ಲ, ಮೊದಲು ಯಾಕೆ ಹಾಗೆ ಹೇಳಿದಿರಿ ಎಂದು. ದುಭಾಷಿ ಅದನ್ನು ಕನ್ನಡದಲ್ಲಿ ಕೇಳಿದ. ಆಗ ನೀವು, "ಗೌಂಡಿ ಕೆಲಸ ಯಾರೂ ಕೊಡವಲ್ರಾಗಿದ್ರು ಸಾಹೇಬ್ರ. ಸಿಮಿಟಿನ ಚೀಲ ಹೊರಾಕ ಓಡಿದ್ದೆ. ಅದನ್ನ ಮಗನ ಮುಂದ ಹೇಳಾಕ ನಾಚಿಕಿ ಬಂತ್ರಿ" ಅಂದಿರಿ. ನೆಲ ನೋಡಲಿಲ್ಲ, ನಾನು ಸಾಕ್ಷಿ. ನಿಮ್ಮ ಮುಖ ಜಡ್ಜರ ಕಡೆ ಇತ್ತು, ಹಿಂದೆ ಏನಾಯಿತೆಂದು ಕಾಣಲಿಲ್ಲ. ಗುರುಶಾಂತ ಎದ್ದು ನಿಂತ. ಜವಾನ ಕೂತುಕೊ ಎಂದು ಕೈ ಮಾಡಿದ, ಕೂರಲಿಲ್ಲ. ನೀವು ಕಟಕಟೆ ಇಳಿಯುವವರೆಗೂ ಕೈ ಕಟ್ಟಿಕೊಂಡು ನಿಂತೇ ಇದ್ದ. ಅವನಿಗೆ ನಿಮ್ಮ ಮೇಲೆ ಸಿಟ್ಟಿದೆ ಎಂದು ನೀವು ಅಂದುಕೊಂಡಿದ್ದರೆ ಅದು ಸುಳ್ಳು.

ಇನ್ನು ಕೆಟ್ಟ ಸುದ್ದಿ. ಮೊದಲು ಸುಳ್ಳು ಹೇಳಿದ್ದಕ್ಕೆ ಕ್ರಮ ಯಾಕೆ ತಗೊಳ್ಳಬಾರದು ಎಂದು ನಿಮ್ಮ ಮೇಲೆ ನೋಟಿಸು ಹೊರಡಿಸಿದ್ದಾರೆ. ಮುಂದಿನ ತಿಂಗಳು ಹನ್ನೆರಡಕ್ಕೆ ಹಾಜರಾಗಬೇಕು. ಈ ಸಲ ನಾನು ಮುಚ್ಚಿಡುವುದಿಲ್ಲ, ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ. ನಿಮ್ಮ ವಕಾಲತ್ತು ತಾವೇ ಹಾಕುವುದಾಗಿ ಸಾವಿತ್ರಿ ಮೇಡಂ ಅಂದಿದ್ದಾರೆ. ತಾನಾಗಿ ಬಂದು ನಿಜ ಹೇಳಿದ ಮನುಷ್ಯನ ಮೇಲೆ ಕೇಸು ಹಾಕಿದರೆ ನಾಳೆ ಯಾವ ಸಾಕ್ಷಿ ತಿದ್ದಿಕೊಳ್ಳುತ್ತಾನೆ ಎಂದು ವಾದ ಮಾಡುತ್ತಾರಂತೆ. ಆದರೂ ಹೇಳಲು ಬರುವುದಿಲ್ಲ, ಜಡ್ಜರ ಮನಸ್ಸು.

ಹಾಜರಾಗುವುದಕ್ಕೆ ಜಾಮೀನು ಬೇಕು, ಈ ಊರಿನವರೇ ಆಗಬೇಕು. ಕೋರ್ಟಿನ ಗುಮಾಸ್ತ, ಆ ಮುದುಕನಿಗೆ ಇಲ್ಲಿ ಯಾರಿದ್ದಾರೆ ಎಂದು ಕೇಳಿದ. ನಾನಿದ್ದೇನೆ ಅಂದೆ. ಅವನು ಕಾಗದಪತ್ರ ತಿರುವಿ, ನೀನು ಅವರ ಎದುರು ಪಾರ್ಟಿ ಅಲ್ಲವೇನಮ್ಮಾ ಅಂದ. ಹೌದು, ಅದಕ್ಕೇ ಅವರನ್ನು ನನ್ನಷ್ಟು ಗೊತ್ತಿದ್ದವರು ಈ ಊರಲ್ಲಿ ಬೇರೆ ಯಾರೂ ಇಲ್ಲ ಅಂದೆ.

ನನ್ನ ಹತ್ತಿರ ಜಾಮೀನಿಗೆ ಇಡಲು ಮನೆ ಇಲ್ಲ, ಜಾಗ ಇಲ್ಲ. ಟ್ರಾಲಿ ಇದೆ. ಅದರ ಕಾಗದ ಇಟ್ಟು ರುಜು ಹಾಕುತ್ತೇನೆ. ಪರಮೇಶ, "ತಲಿ ಕೆಟ್ಟೈತೇನ ನಿನಗ, ಒಮ್ಮೆ ಸುಳ್ಳು ಹೇಳಿದವರಿಗೆ ಗಾಡಿ ಇಡ್ತಿ?" ಎಂದು ರಸ್ತೆಯುದ್ದಕ್ಕೂ ಜಗಳವಾಡಿದ. ಆಡಲಿ.

ಹನ್ನೆರಡಕ್ಕೆ ನೀವು ಬಾರದಿದ್ದರೆ ಗಾಡಿ ಜಪ್ತಿಯಾಗುತ್ತದೆ, ನಮ್ಮ ಅನ್ನ ಹೋಗುತ್ತದೆ. ಇದು ಗೊತ್ತಿದ್ದೇ ರುಜು ಹಾಕುತ್ತಿದ್ದೇನೆ, ಕಾಕಾ. ನೀವು ಬಂದೇ ಬರುತ್ತೀರಿ.

ರೇಣುಕಾ